‘ನಾಳೆಯಿಂದ ಬರಬೇಡ’ ಅಂದ ಮೇಲೆ

ನಾನು ಬಸ್ ಡ್ರೈವರ್. ಸರ್ಕಾರಿ ಬಸ್ ಅಲ್ಲ, ಕಾರ್ಖಾನೆ ಕೆಲಸಗಾರರನ್ನು ಕರೆದುಕೊಂಡು ಹೋಗುವ ಗುತ್ತಿಗೆ ಬಸ್. ಮಂಡ್ಯದಿಂದ ಹೊರಟು ಇಂಡುವಾಳು, ತೂಬಿನಕೆರೆ, ಗಣಂಗೂರು, ಶ್ರೀರಂಗಪಟ್ಟಣ, ಸಿದ್ದಲಿಂಗಪುರ ಅಂತ ಒಂದೊಂದು ಸ್ಟಾಪಿನಲ್ಲೂ ನಾಲ್ಕಾರು ಜನರನ್ನು ಹತ್ತಿಸಿಕೊಂಡು, ರಿಂಗ್ ರೋಡ್ ಹಿಡಿದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಬಿಡುತ್ತೇನೆ. ವಾಪಸ್ಸು ಬರುವಾಗ ಶಿಫ್ಟ್ ಮುಗಿಸಿದವರನ್ನು ತುಂಬಿಕೊಂಡು ಬರುತ್ತೇನೆ. 2024ರಲ್ಲಿ ನನ್ನನ್ನು ಕೆಲಸದಿಂದ ತೆಗೆದರು. ಮತ್ತೆ ಅದೇ ಸ್ಟೇರಿಂಗ್ ಹಿಡಿಯುವ ತನಕ ಏನೇನಾಯಿತು, ಯಾರು ಏನು ಮಾಡಿದರು ಅಂತ ಬರೆಯುತ್ತಿದ್ದೇನೆ. ಯೂನಿಯನ್ ಅಂದ್ರೆ ಬಾವುಟ, ಧಿಕ್ಕಾರ, ಬಂದ್ ಅಷ್ಟೇ ಅಂದುಕೊಂಡ ಡ್ರೈವರುಗಳು ನಮ್ಮ ಕಡೆ ತುಂಬ ಜನ ಇದ್ದಾರೆ. ನಾನು ಹತ್ತಿರದಿಂದ ನೋಡಿದ ಯೂನಿಯನ್ ಕೆಲಸದಲ್ಲಿ ಮುಕ್ಕಾಲು ಪಾಲು ಕಾಗದದ ಕೆಲಸ. ಬಾಯಿಮಾತಲ್ಲಿ ಆದದ್ದನ್ನು ಕಾಗದದ ಮೇಲೆ ತರುವ ಕೆಲಸ.

ಮೊದಲು ಜಗಳ ಯಾಕೆ ಬಂತು ಅಂತ ಹೇಳಬೇಕು. ಕಾರ್ಖಾನೆಯಲ್ಲಿ ಮೂರು ಶಿಫ್ಟ್. ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 10ಕ್ಕೆ ಜನ ಬದಲಾಗುತ್ತಾರೆ. 6ಕ್ಕೆ ಗೇಟಿನಲ್ಲಿರಬೇಕು ಅಂದ್ರೆ ಮಂಡ್ಯದಿಂದ ನಾಲ್ಕೂವರೆಗೇ ಬಸ್ ತೆಗೆಯಬೇಕು. ರಾತ್ರಿ 10ಕ್ಕೆ ಶಿಫ್ಟ್ ಮುಗಿಸಿದವರನ್ನು ಊರೂರಲ್ಲಿ ಇಳಿಸಿ ಬಸ್ ನಿಲ್ಲಿಸುವಾಗ ಹನ್ನೊಂದೂವರೆ ದಾಟಿರುತ್ತದೆ. ನಮ್ಮ ಬಸ್ಸಿಗೆ ಇಬ್ಬರು ಡ್ರೈವರುಗಳಿದ್ದಾಗ ಹೇಗೋ ನಡೆಯುತ್ತಿತ್ತು. ಇನ್ನೊಬ್ಬರು ಬಿಟ್ಟು ಹೋದರು, ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಮೂರೂ ಶಿಫ್ಟ್ ನಾನೇ ಹೊಡೆಯಬೇಕಾಯಿತು. ಬೆಳಿಗ್ಗೆ ನಾಲ್ಕೂವರೆಯಿಂದ ರಾತ್ರಿ ಹನ್ನೊಂದೂವರೆ. ಮಧ್ಯೆ ಬಿಡುವು ಇರುತ್ತೆ ನಿಜ, ಆದರೆ ಆ ಬಿಡುವಿನಲ್ಲಿ ಮಂಡ್ಯಕ್ಕೆ ಹೋಗಿ ಮನೆಯಲ್ಲಿ ಮಲಗುವುದಕ್ಕೆ ಆಗುವುದಿಲ್ಲ. ಕಾರ್ಖಾನೆ ಪಕ್ಕದ ರಸ್ತೆಯಲ್ಲಿ ಬಸ್ ನಿಲ್ಲಿಸಿ ಹಿಂದಿನ ಸೀಟಿನ ಮೇಲೆ ಕಾಲು ಮಡಚಿ ಮಲಗುವುದು. ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಬಸ್ಸಿನೊಳಗೆ ಮಲಗಿ ನೋಡಿದವರಿಗೆ ಗೊತ್ತು ಅದು ಎಂಥ ನಿದ್ದೆ ಅಂತ.

‘ಮಧ್ಯಾಹ್ನ ಬಸ್ಸಲ್ಲೇ ಮಲಗ್ತೀಯಲ್ಲಪ್ಪ, ಅದನ್ನೂ ಡ್ಯೂಟಿ ಅಂತ ಲೆಕ್ಕ ಹಾಕ್ಬೇಕಾ?’ ಅಂತ ಸೂಪರ್‌ವೈಸರ್ ಕೇಳುತ್ತಿದ್ದರು. ನನಗೂ ಉತ್ತರ ಗೊತ್ತಿರಲಿಲ್ಲ. ಒಂದು ರಾತ್ರಿ ಕಳಸ್ತವಾಡಿ ಹತ್ತಿರ ಕಣ್ಣು ಎಳೆಯುವುದಕ್ಕೆ ಶುರುವಾಯಿತು. ಬಸ್ ತುಂಬ ಜನ, ಎಲ್ಲರೂ ನಿದ್ದೆಯಲ್ಲಿದ್ದರು. ಪಕ್ಕಕ್ಕೆ ನಿಲ್ಲಿಸಿ, ಮುಖಕ್ಕೆ ನೀರು ಹಾಕಿಕೊಂಡು, ಮುಂದಿನ ಸೀಟಿನ ಹುಡುಗನನ್ನು ಎಬ್ಬಿಸಿ ಮಾತಾಡಿಸುತ್ತಾ ಬಂದೆ. ಬಸ್ ನಿಲ್ಲಿಸಿದ ತಕ್ಷಣ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಬೆಳಿಗ್ಗೆ ಟ್ರಿಪ್ಪಿಗೆ ಬೇರೆಯವರನ್ನು ಹಾಕಿ ಸಾರ್, ನನ್ನ ಕೈಲಿ ಆಗಲ್ಲ ಅಂದೆ. ನಲವತ್ತು ಜನರ ಜೀವ ಇಟ್ಟುಕೊಂಡು ನಿದ್ದೆಗಣ್ಣಲ್ಲಿ ಓಡಿಸುವುದಕ್ಕೆ ಆಗಲ್ಲ ಅಂತಲೂ ಹೇಳಿದೆ. ಮಾರನೇ ದಿನ ಮಧ್ಯಾಹ್ನ ಹೋದಾಗ ಮಾಲೀಕರೇ ಆಫೀಸಿನಲ್ಲಿ ಕೂತಿದ್ದರು. ‘ಕೀ ಕೊಟ್ಟು ಹೋಗು. ನಾಳೆಯಿಂದ ಬರಬೇಡ’ ಅಂದರು. ಅಷ್ಟೇ ಮಾತು. ಕಾಗದ ಇಲ್ಲ, ನೋಟಿಸ್ ಇಲ್ಲ. ಆ ತಿಂಗಳ ಸಂಬಳ ಬಾಕಿ, ಮೇಲಾಗಿ ಸೇರುವಾಗ ತೆಗೆದುಕೊಂಡಿದ್ದ ನನ್ನ ಒರಿಜಿನಲ್ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಅವರ ಬೀರುವಿನಲ್ಲೇ ಇತ್ತು. ಡಿಎಲ್ ಇಟ್ಟುಕೊಂಡರೆ ಡ್ರೈವರ್ ಹೇಳದೆ ಕೇಳದೆ ಓಡಿಹೋಗಲ್ಲ ಅನ್ನುವುದು ನಮ್ಮ ಲೈನಿನಲ್ಲಿ ಎಷ್ಟೋ ಮಾಲೀಕರ ಲೆಕ್ಕಾಚಾರ.

ಒಂದಷ್ಟು ದಿನ ಸುಮ್ನೆ ಅಲೆದೆ. ಮಾಲೀಕರ ಪರಿಚಯದವರನ್ನು ಹಿಡಿದೆ, ಊರಿನ ಮುಖಂಡರೊಬ್ಬರಿಂದ ಫೋನ್ ಮಾಡಿಸಿದೆ. ‘ನೋಡೋಣ ನೋಡೋಣ’ ಅಂದರು. ಆಮೇಲೆ ನಮ್ಮ ಬಸ್ಸಿನಲ್ಲೇ ಓಡಾಡುತ್ತಿದ್ದ ಕಾರ್ಖಾನೆಯ ಒಬ್ಬ ಹಿರಿಯ ಕೆಲಸಗಾರರು ಮೈಸೂರಿನ ಸಾರಿಗೆ ಕಾರ್ಮಿಕರ ಸಂಘದ ವಿಳಾಸ ಕೊಟ್ಟು, ‘ಶಿಫಾರಸು ಹಿಡ್ಕೊಂಡು ಓಡಾಡಿದ್ದು ಸಾಕು, ಅಲ್ಲಿಗೆ ಹೋಗು’ ಅಂದರು. ಹಳೇ ಕಟ್ಟಡದ ಮೇಲ್ಮಹಡಿಯಲ್ಲಿ ಒಂದು ರೂಮು. ಎರಡು ಬೆಂಚು, ಒಂದು ಟೇಬಲ್ಲು, ಕಟ್ಟುಕಟ್ಟು ಫೈಲು. ಕಾರ್ಯದರ್ಶಿ ಅಣ್ಣ ಮೊದಲು ನನ್ನ ಕಥೆ ಪೂರ್ತಿ ಕೇಳಿದರು. ಮಧ್ಯೆ ಒಂದು ಸಲವೂ ಮಾತು ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದ ಮೊದಲ ಪ್ರಶ್ನೆ: ‘ನೀನು ಅಲ್ಲಿ ಕೆಲಸ ಮಾಡ್ತಿದ್ದೆ ಅನ್ನೋಕೆ ಏನಿದೆಯಪ್ಪ?’

ನನಗೆ ಕೋಪ ಬಂತು. ವರ್ಷಗಟ್ಟಲೆ ಓಡಿಸಿದ್ದೇನೆ, ದಾರಿಯಲ್ಲಿರುವ ಟೀ ಅಂಗಡಿಯವರಿಗೆಲ್ಲ ಗೊತ್ತು, ಇನ್ನೇನು ಬೇಕು? ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಕೈಗಾರಿಕಾ ವಿವಾದ ಕಾಯ್ದೆ ಅಂತ 1947ರದ್ದು ಒಂದಿತ್ತು, ಆಗ ಜಾರಿಯಲ್ಲಿದ್ದದ್ದು ಅದೇ. ಅದರ ಪ್ರಕಾರ ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ತಪ್ಪು ಮಾಡಿದ ಅಂತ ತೆಗೆಯುವುದಾದರೆ ಆಪಾದನೆ ಏನು ಅಂತ ಬರೆದುಕೊಟ್ಟು ವಿಚಾರಣೆ ಮಾಡಬೇಕು. ಎರಡೂ ಇಲ್ಲದೆ ಬಾಯಲ್ಲಿ ಹೇಳಿ ಕಳಿಸುವುದು ನಡೆಯಲ್ಲ. ಆದರೆ ಆ 240 ದಿನ ಕೆಲಸ ಮಾಡಿದ್ದೇನೆ ಅಂತ ತೋರಿಸುವ ಹೊಣೆ ಕೆಲಸಗಾರನದ್ದೇ. ನಮ್ಮ ರಾಜ್ಯದ ಅರಣ್ಯ ಇಲಾಖೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಹಾಗೆ ಹೇಳಿಬಿಟ್ಟಿದೆಯಂತೆ. ‘ಟೀ ಅಂಗಡಿಯವರು ಸಾಕ್ಷಿಗೆ ಬಂದ್ರೆ ಒಳ್ಳೇದೇ. ಆದ್ರೆ ಕಾಗದ ಬೇಕು’ ಅಂದರು.

ಇನ್ನೊಂದು ಮಾತನ್ನೂ ಅವತ್ತೇ ನೇರವಾಗಿ ಹೇಳಿದರು. ಕೆಲಸದಿಂದ ತೆಗೆದದ್ದರ ವಿಚಾರವನ್ನು ಒಬ್ಬನೇ ಆದರೂ ಎತ್ತಬಹುದು, ಅದಕ್ಕೆ ಸಂಘ ಇರಲೇಬೇಕು ಅಂತಿಲ್ಲ. 1965ರಲ್ಲಿ ಕಾಯ್ದೆಗೆ 2ಎ ಅನ್ನುವ ಸೆಕ್ಷನ್ ಸೇರಿಸಿದ ಮೇಲೆ ಆ ದಾರಿ ಇದೆ. ‘ನೀನೇ ಅರ್ಜಿ ಕೊಡ್ತೀನಿ ಅಂದ್ರೂ ಬರೆದುಕೊಡ್ತೀನಿ, ಸದಸ್ಯ ಆಗಲೇಬೇಕು ಅಂತ ಬಲವಂತ ಇಲ್ಲ’ ಅಂದರು. ನಾನು ಅಲ್ಲೇ ರಸೀದಿ ಹಾಕಿಸಿ ಸದಸ್ಯನಾದೆ. ನನ್ನನ್ನು ಹಿಡಿದು ಎಳೆಯದೆ, ಇರುವ ದಾರಿಗಳನ್ನೆಲ್ಲ ತೋರಿಸಿದರಲ್ಲ, ಅದರಿಂದಲೇ ನಂಬಿಕೆ ಬಂತು.

ಮೊದಲು ಡಿಎಲ್ ವಿಚಾರ. ನನ್ನ ಎದುರಿಗೇ ಆಫೀಸಿಗೆ ಫೋನ್ ಮಾಡಿದರು. ಜೋರು ಮಾಡಲಿಲ್ಲ. ಡಿಎಲ್ ಅನ್ನುವುದು ಸರ್ಕಾರ ಡ್ರೈವರಿಗೆ ಕೊಟ್ಟದ್ದು, ಅದನ್ನು ಇಟ್ಟುಕೊಳ್ಳುವುದಕ್ಕೆ ನಿಮಗೆ ಯಾವ ಹಕ್ಕೂ ಇಲ್ಲ, ನಾಳೆ ಒಳಗೆ ಕೊಡದಿದ್ದರೆ ಪೊಲೀಸ್ ಠಾಣೆಗೆ ಅರ್ಜಿ ಬರೆಯುತ್ತೇವೆ ಅಂತ ಎರಡೇ ಮಾತು. ನಾನು ಅಷ್ಟು ದಿನ ಬೇಡಿಕೊಂಡರೂ ಸಿಗದಿದ್ದ ಡಿಎಲ್ ಮಾರನೇ ದಿನ ಸಿಕ್ಕಿತು. ಅದು ಕೈಗೆ ಬಂದ ಮೇಲೆ ಕೇಸು ನಡೆಯುವಷ್ಟು ದಿನ ಬೇರೆಯವರ ಗಾಡಿಗೆ ಬದಲಿ ಡ್ರೈವರ್ ಆಗಿ ಹೋಗುವುದಕ್ಕಾದರೂ ದಾರಿಯಾಯಿತು. ಮನೆ ನಡೆಯಬೇಕಲ್ವಾ.

ಆಮೇಲೆ ಕಾಗದ ಹುಡುಕುವ ಕೆಲಸ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ನನ್ನ ಹಾಗೆ ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದೆ ಓಡಿಸುವವರಿಗೆ ಉಪಯೋಗಕ್ಕೆ ಬರುತ್ತದೆ.

ಸಂಬಳ ಅರ್ಧ ಬ್ಯಾಂಕಿಗೆ, ಅರ್ಧ ಕೈಗೆ ಬರುತ್ತಿತ್ತು. ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಪಿಎಫ್ ಖಾತೆಯನ್ನು ನಾನು ಯಾವತ್ತೂ ತೆರೆದು ನೋಡಿರಲಿಲ್ಲ. ಸಂಘದ ಆಫೀಸಿನಲ್ಲಿದ್ದ ಒಬ್ಬ ಹುಡುಗ ನನ್ನ ಯುಎಎನ್ (ಪಿಎಫ್ ಖಾತೆಯ) ನಂಬರ್ ಹಾಕಿ ಇ-ಪಾಸ್‌ಬುಕ್ ತೆಗೆದುಕೊಟ್ಟ. ನೋಡಿದರೆ ಮಧ್ಯೆ ಮಧ್ಯೆ ತಿಂಗಳುಗಳೇ ಇಲ್ಲ. ಸಂಬಳದಲ್ಲಿ ಮಾತ್ರ ಪ್ರತಿ ತಿಂಗಳೂ ಪಿಎಫ್ ಅಂತ ಮುರಿದುಕೊಂಡಿದ್ದರು. ಇಎಸ್ಐ (ಕಾರ್ಮಿಕರ ವಿಮೆ) ಕಾರ್ಡ್ ಇತ್ತು, ಅದರಲ್ಲಿ ಸಂಸ್ಥೆಯ ಕೋಡ್ ಇತ್ತು, ಅದೊಂದು ಒಳ್ಳೆಯ ಸಾಕ್ಷಿ. ಟ್ರಿಪ್ ಶೀಟುಗಳು ಪ್ರತಿದಿನ ಬರೆದು ಆಫೀಸಿಗೆ ಕೊಡುವಂಥವು, ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಆದರೆ ಕಾರ್ಖಾನೆ ಗೇಟಿನಲ್ಲಿ ಸೆಕ್ಯುರಿಟಿಯವರು ಬಸ್ ನಂಬರ್, ಒಳಗೆ ಬಂದ ಹೊತ್ತು, ಡ್ರೈವರ್ ಹೆಸರು, ಸಹಿ ಎಲ್ಲ ಒಂದು ರಿಜಿಸ್ಟರಿನಲ್ಲಿ ತೆಗೆದುಕೊಳ್ಳುತ್ತಾರೆ. ಅದು ಅಲ್ಲಿದೆ ಅಂತ ಅರ್ಜಿಯಲ್ಲಿ ಬರೆದರು. ಬೇಕಾದರೆ ಲೇಬರ್ ಕೋರ್ಟಿನಿಂದ ಅದನ್ನು ತರಿಸಬಹುದು ಅಂತ.

ಟೋಲ್ ದಾಖಲೆ ಸಿಗಬಹುದಾ ಅಂತ ಕೇಳಿದರು. ಗಣಂಗೂರಿನಲ್ಲಿ ಟೋಲ್ ಇದೆ, ಆದರೆ ದುಡ್ಡು ಉಳಿಸುವುದಕ್ಕೆ ನಮ್ಮನ್ನು ಸರ್ವಿಸ್ ರೋಡಿನಲ್ಲೇ ಕಳಿಸುತ್ತಿದ್ದರು. ರಾತ್ರಿ ಜನ ಕಮ್ಮಿ ಇದ್ದಾಗ ಮಾತ್ರ ಕೆಲವು ಸಲ ಹೆದ್ದಾರಿಗೆ ಹತ್ತುತ್ತಿದ್ದೆ. ಹಾಗೆ ಹತ್ತಿದಾಗಲೇ ಕ್ಯಾಮೆರಾದಲ್ಲಿ ಸಿಕ್ಕಿ ದಂಡದ ಚಲನ್ ಬಂದದ್ದುಂಟು. ಚಲನ್ ಬರುವುದು ಬಸ್ಸಿನ ನಂಬರಿಗೆ, ಹಾಗಾಗಿ ಮಾಲೀಕರ ಫೋನಿಗೆ. ಅವರು ಅದನ್ನು ನನಗೆ ವಾಟ್ಸಾಪ್ ಮಾಡಿ ‘ಇದು ನಿಂದು, ಸಂಬಳದಲ್ಲಿ ಹಿಡೀತೀನಿ’ ಅಂತ ಬರೆದಿದ್ದರು. ನಾನು ಬೇಜಾರು ಮಾಡಿಕೊಂಡು ಹಾಗೇ ಬಿಟ್ಟಿದ್ದ ಮೆಸೇಜುಗಳು ಅವು. ಕಾರ್ಯದರ್ಶಿ ಅಣ್ಣ ಫೋನ್ ಇಸಿದುಕೊಂಡು ಓದಿದರು, ಮತ್ತೊಂದು ಸಲ ಓದಿದರು. ‘ಇಂಥ ದಿನ, ಇಷ್ಟು ಹೊತ್ತಿಗೆ, ಈ ಬಸ್ಸು ನೀನೇ ಓಡಿಸ್ತಿದ್ದೆ ಅಂತ ಅವರೇ ಬರೆದುಕೊಟ್ಟಿದ್ದಾರೆ ಕಣೋ’ ಅಂದರು. ಡೀಸೆಲ್ ಹಾಕಿಸಿದ ಚೀಟಿಗಳ ಫೋಟೋ, ‘ನಾಳೆ ಎಕ್ಸ್‌ಟ್ರಾ ಟ್ರಿಪ್ ಇದೆ, ಬೇಗ ಬಾ’ ಅನ್ನುವ ಮೆಸೇಜು, ಎಲ್ಲ ತಾರೀಖಿನ ಪ್ರಕಾರ ಪ್ರಿಂಟ್ ತೆಗೆಸಿ ಜೋಡಿಸಿದೆವು. ಫೋನ್ ಬದಲಾಯಿಸಬೇಡ, ಆ ಚಾಟ್ ಅಳಿಸಬೇಡ ಅಂತ ಮೂರು ಸಲ ಹೇಳಿದರು.

ಹೀಗೆ ಜೋಡಿಸುವಾಗಲೇ ನನ್ನ ಹಳೇ ಪ್ರಶ್ನೆಗೂ ಉತ್ತರ ಸಿಕ್ಕಿತು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ 1961ರಲ್ಲೇ ಬಂದಿದೆ. ಐದು ಜನ ಅಥವಾ ಜಾಸ್ತಿ ಕೆಲಸಗಾರರಿರುವ ಸಾರಿಗೆ ಸಂಸ್ಥೆಗೆಲ್ಲ ಆಗ ಅದು ಅನ್ವಯ ಆಗುತ್ತಿತ್ತು. ಅದರಲ್ಲಿ ಇದ್ದದ್ದು ಇಷ್ಟು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಐದು ಗಂಟೆ ಕೆಲಸ ಆದ ಮೇಲೆ ಅರ್ಧ ಗಂಟೆ ಬಿಡುವು. ಕೆಲಸವನ್ನು ದಿನಕ್ಕೆ ಎರಡಕ್ಕಿಂತ ಜಾಸ್ತಿ ತುಂಡು ಮಾಡುವ ಹಾಗಿಲ್ಲ. ಬಿಡುವೂ ಸೇರಿ ಬೆಳಿಗ್ಗೆ ಶುರುವಾದ ಹೊತ್ತಿನಿಂದ ರಾತ್ರಿ ಮುಗಿಯುವ ತನಕ 12 ಗಂಟೆ ದಾಟಬಾರದು. ಇವತ್ತಿನ ಡ್ಯೂಟಿ ಮುಗಿದು ನಾಳೆಯ ಡ್ಯೂಟಿ ಶುರುವಾಗುವುದರೊಳಗೆ ಒಟ್ಟಿಗೆ 9 ಗಂಟೆ ವಿಶ್ರಾಂತಿ ಸಿಗಬೇಕು. ಜಾಸ್ತಿ ದುಡಿಸಿದರೆ ಎರಡರಷ್ಟು ಸಂಬಳ. ನನ್ನದು ಮೂರು ತುಂಡು, 19 ಗಂಟೆ, ವಿಶ್ರಾಂತಿ 5 ಗಂಟೆ. ಓದುತ್ತಾ ಹೋದ ಹಾಗೆ ಕೈ ನಡುಗಿತು. ಅದೂ ಡ್ಯೂಟಿನಾ ಅಂತ ಸೂಪರ್‌ವೈಸರ್ ಕೇಳಿದ್ದ ಪ್ರಶ್ನೆಗೆ ನಾನು ಹುಟ್ಟುವ ಮುಂಚೆಯೇ ಪಾರ್ಲಿಮೆಂಟಿನಲ್ಲಿ ಉತ್ತರ ಬರೆದಿಟ್ಟಿದ್ದರು, ನಮಗೆ ಯಾರೂ ಹೇಳಿರಲಿಲ್ಲ. ಬಸ್ ಓಡಿಸುವ ಪರೀಕ್ಷೆಯಲ್ಲಿ ರಸ್ತೆ ಚಿಹ್ನೆ ಎಲ್ಲ ಕೇಳುತ್ತಾರೆ. ನಮ್ಮ ಕೆಲಸದ ಗಂಟೆ ಎಷ್ಟು ಅಂತ ಒಂದು ಸಾಲು ಕಲಿಸಿದ್ದರೂ ಸಾಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಅರ್ಜಿಗೂ ಮುಂಚೆ ಮಾಲೀಕರಿಗೆ ಒಂದು ಪತ್ರ ಬರೆದೆವು. ಯಾವ ನೋಟಿಸೂ ಇಲ್ಲದೆ ನನ್ನನ್ನು ಬರಬೇಡ ಅಂದಿದ್ದೀರಿ, ನಾನು ಕೆಲಸ ಮಾಡುವುದಕ್ಕೆ ಸಿದ್ಧ ಇದ್ದೇನೆ, ಯಾವತ್ತು ಬರಲಿ ತಿಳಿಸಿ ಅಂತ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಅಕ್‌ನಾಲೆಡ್ಜ್‌ಮೆಂಟ್ ಸಮೇತ ಕಳಿಸಿದೆವು. ಅವರು ತೆಗೆದುಕೊಳ್ಳಲಿಲ್ಲ, ಪೋಸ್ಟ್‌ಮ್ಯಾನ್ ಷರಾ ಬರೆದ ಕವರು ನನ್ನ ಮನೆಗೇ ವಾಪಸ್ಸು ಬಂತು. ನಮ್ಮನೆಯವಳು ಅದನ್ನು ನೋಡಿ ಅಳುಮುಖ ಮಾಡಿಕೊಂಡಳು. ನಾನು ಸಂಘಕ್ಕೆ ಫೋನ್ ಮಾಡಿದರೆ ಅವರು, ‘ಒಡೀಬೇಡ, ಹಾಗೇ ತಗೊಂಡು ಬಾ. ಒಡೆಯದ ಕವರೇ ಸಾಕ್ಷಿ’ ಅಂದರು.

ಆಮೇಲೆ ಕಾರ್ಮಿಕ ಅಧಿಕಾರಿಗಳಿಗೆ ಅರ್ಜಿ. ಅಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ, ಅದಕ್ಕೆ ರಾಜಿ ಸಂಧಾನ ಅನ್ನುತ್ತಾರೆ. ಅಧಿಕಾರಿ ತೀರ್ಪು ಕೊಡುವುದಿಲ್ಲ, ಒಪ್ಪಿಸುವ ಪ್ರಯತ್ನ ಮಾಡುತ್ತಾರೆ. ಅರ್ಜಿ ಕೊಟ್ಟು 45 ದಿನ ಕಳೆದರೂ ಬಗೆಹರಿಯದಿದ್ದರೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದು ಅಂತ 2010ರ ತಿದ್ದುಪಡಿಯಲ್ಲಿ ಬಂದಿತ್ತು. ಅಲ್ಲಿಯ ತನಕ ಸರ್ಕಾರ ಕೇಸನ್ನು ಕೋರ್ಟಿಗೆ ಒಪ್ಪಿಸಲಿ ಅಂತ ಕಾಯುತ್ತಾ ಕೂತವರು ಎಷ್ಟೋ ಜನ ಅಂತೆ.

ಮೊದಲ ತಾರೀಖಿಗೆ ಅವರ ಕಡೆಯಿಂದ ಯಾರೂ ಬರಲಿಲ್ಲ. ನಾನು ಬಂದ ಬದಲಿ ಕೆಲಸ ಬಿಟ್ಟು ಮಂಡ್ಯದಿಂದ ಹೋಗಿ ಬೆಂಚಿನ ಮೇಲೆ ಕೂತು ವಾಪಸ್ಸು ಬಂದೆ. ಅವತ್ತಿನ ಕೂಲಿ ಹೋಯಿತು. ಇದೇ ನೋಡಿ, ಒಬ್ಬನೇ ಓಡಾಡುವವನನ್ನು ಸೋಲಿಸುವುದು ಹೀಗೆ. ಯಾರೂ ನಿಮ್ಮ ಮಾತು ಸುಳ್ಳು ಅನ್ನಬೇಕಾಗಿಲ್ಲ, ಸುಮ್ನೆ ತಾರೀಖಿನ ಮೇಲೆ ತಾರೀಖು ಬಿದ್ದರೆ ಸಾಕು, ಹೊಟ್ಟೆಪಾಡು ತಡೆಯಲಾರದೆ ನೀವೇ ಬಿಟ್ಟುಬಿಡುತ್ತೀರಿ. ಮುಂದಿನ ಸಲ ಸಂಘದವರು ‘ಬರಬೇಡ, ನಿನ್ನ ಪರವಾಗಿ ನಾವು ಹೋಗ್ತೀವಿ’ ಅಂದರು. ನೋಂದಾಯಿತ ಸಂಘದ ಪದಾಧಿಕಾರಿ ಕಾರ್ಮಿಕನ ಪರವಾಗಿ ಹಾಜರಾಗಬಹುದು ಅಂತ ಕಾಯ್ದೆಯಲ್ಲೇ ಇದೆ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಉಪಕಾರ ಅನಿಸಿತು.

ಅವರು ಬಂದ ದಿನ ನಾನೂ ಇದ್ದೆ. ಮ್ಯಾನೇಜರ್ ಜೊತೆಗೆ ಕರಿ ಕೋಟಿನ ವಕೀಲರು. ನನ್ನ ಎದೆ ಹೊಡೆದುಕೊಂಡಿತು. ನಮ್ಮ ಕಾರ್ಯದರ್ಶಿ ಎದ್ದು, ಸಂಧಾನದಲ್ಲಿ ಎರಡೂ ಕಡೆ ವಕೀಲರು ಹಾಜರಾಗುವ ಹಾಗಿಲ್ಲ, ಸೆಕ್ಷನ್ 36ರಲ್ಲಿದೆ ಮೇಡಂ ಅಂತ ಅಧಿಕಾರಿಗಳಿಗೆ ನೆನಪಿಸಿದರು. ವಕೀಲರು ಗೊತ್ತಿದ್ದವರೇ, ಜಗಳ ಮಾಡಲಿಲ್ಲ, ಹೊರಗೆ ಹೋಗಿ ಕೂತರು. ಈಗ ಟೇಬಲ್ಲಿನ ಆ ಕಡೆ ಮ್ಯಾನೇಜರ್, ಈ ಕಡೆ ನಾವು.

ಮ್ಯಾನೇಜರ್ ಮೊದಲು ಹೇಳಿದ್ದು, ಇವನು ಖಾಯಂ ಡ್ರೈವರ್ ಅಲ್ಲ, ಟ್ರಿಪ್ ಲೆಕ್ಕಕ್ಕೆ ಬರುವ ಬದಲಿ ಡ್ರೈವರ್ ಅಂತ. ಇಎಸ್ಐ ಕಾರ್ಡು, ಪಿಎಫ್ ಪಾಸ್‌ಬುಕ್ಕು, ಚಲನ್ ಮೆಸೇಜುಗಳು ಒಂದೊಂದಾಗಿ ಟೇಬಲ್ ಮೇಲೆ ಬಂದವು. ಅಧಿಕಾರಿ ಮೇಡಂ ಪುಟ ತಿರುಗಿಸುತ್ತಾ, ‘ಬದಲಿ ಡ್ರೈವರಿಗೆ ವರ್ಷಾನುಗಟ್ಟಲೆ ಪಿಎಫ್ ಕಟ್ತೀರಾ?’ ಅಂತ ಕೇಳಿದರು. ಆಗ ಮಾತು ಬದಲಾಯಿತು. ‘ನಾವು ಇವನನ್ನ ತೆಗೆದೇ ಇಲ್ಲ ಮೇಡಂ, ಇವನೇ ಹೇಳದೆ ಕೇಳದೆ ಬಿಟ್ಟು ಹೋದ’ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು, ಎದ್ದು ಕೂಗಬೇಕು ಅಂದುಕೊಂಡೆ. ಕಾರ್ಯದರ್ಶಿ ನನ್ನ ತೊಡೆ ಮೇಲೆ ಕೈ ಇಟ್ಟು ಒತ್ತಿ ಹಿಡಿದರು. ಆಮೇಲೆ ತಣ್ಣಗೆ ಹೇಳಿದರು, ‘ತುಂಬ ಸಂತೋಷ ಸಾರ್. ತೆಗೆದಿಲ್ಲ ಅಂದ್ರೆ ಕೆಲಸ ಇದೆ ಅಂತಾಯ್ತು. ನಾಳೆ ಬೆಳಿಗ್ಗೇನೇ ಡ್ಯೂಟಿಗೆ ಬರ್ತಾನೆ. ಮೇಡಂ ಮುಂದೆ ಅಷ್ಟು ಬರೆದುಕೊಡಿ.’ ಜೊತೆಗೆ ಆ ಒಡೆಯದ ಕವರು ತೆಗೆದು ಟೇಬಲ್ ಮೇಲೆ ಇಟ್ಟರು. ಬರ್ತೀನಿ ಅಂತ ಬರೆದ ಕಾಗದವನ್ನೇ ವಾಪಸ್ ಕಳಿಸಿದವರು ಇವರು ಅಂತ. ಮ್ಯಾನೇಜರ್ ಮಾಲೀಕರನ್ನು ಕೇಳಿ ಹೇಳ್ತೀನಿ ಅಂದು ತಾರೀಖು ತೆಗೆದುಕೊಂಡರು. ನಾನು ಕೂಗಾಡಿದ್ದರೆ ಅವತ್ತಿನ ನಡಾವಳಿಯಲ್ಲಿ ನನ್ನ ಕೂಗಾಟವೇ ದಾಖಲಾಗುತ್ತಿತ್ತು. ಅದರ ಬದಲು ‘ಕೆಲಸದಿಂದ ತೆಗೆದಿಲ್ಲ ಎಂದು ಆಡಳಿತವರ್ಗ ತಿಳಿಸಿದೆ’ ಅನ್ನುವ ಸಾಲು ದಾಖಲಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಆ ಸಾಲೇ.

ಈ ಮಧ್ಯೆ ಸಂಘ ಇನ್ನೊಂದು ಕೆಲಸ ಮಾಡಿತು. ಅರ್ಜಿಯ ಒಂದು ಪ್ರತಿಯನ್ನು ಕಾರ್ಖಾನೆಯ ಆಡಳಿತಕ್ಕೂ ಕಳಿಸಿತು. ನಿಮ್ಮ ಕೆಲಸಗಾರರನ್ನು ಕರೆತರುವ ಬಸ್ಸುಗಳನ್ನು 19 ಗಂಟೆ ಎಚ್ಚರ ಇರುವ ಡ್ರೈವರುಗಳು ಓಡಿಸುತ್ತಿದ್ದಾರೆ, ಪಿಎಫ್ ಎಷ್ಟೋ ತಿಂಗಳು ಕಟ್ಟಿಲ್ಲ ಅಂತ. ಕಾರ್ಖಾನೆಯವರು ಪ್ರತಿ ತಿಂಗಳು ಗುತ್ತಿಗೆದಾರರಿಂದ ಪಿಎಫ್ ಕಟ್ಟಿದ ಚಲನ್ ಕೇಳುತ್ತಾರೆ, ಅದರಲ್ಲಿ ವ್ಯತ್ಯಾಸ ಕಂಡರೆ ನಾಳೆ ತಮ್ಮ ತಲೆಗೇ ಬರುತ್ತದೆ ಅಂತ ಅವರಿಗೆ ಗೊತ್ತು. ಕಾರ್ಖಾನೆಯೊಳಗಿನ ಕಾರ್ಮಿಕ ಸಂಘದವರೂ ಆ ವಿಚಾರ ಎತ್ತಿದರು. ದಿನಾ ಅದೇ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋಗುವವರು ಅವರೇ ಅಲ್ವಾ. ನಮ್ಮ ಮಾಲೀಕರು ಮೊದಲ ಸಲ ಖುದ್ದಾಗಿ ಸಂಧಾನಕ್ಕೆ ಬಂದದ್ದು ಇದಾದ ಮೇಲೆಯೇ. ಕಾಯ್ದೆಯ ಪುಸ್ತಕ ಇದ್ದರೆ ಸಾಲದು, ಯಾವ ಬಾಗಿಲು ತಟ್ಟಿದರೆ ಯಾರಿಗೆ ಕೇಳಿಸುತ್ತದೆ ಅಂತ ಗೊತ್ತಿರುವವರು ಬೇಕು. ಅದು ವರ್ಷಗಟ್ಟಲೆ ಇಂಥ ಕೇಸು ನಡೆಸಿದ ಸಂಘಕ್ಕೆ ಗೊತ್ತಿರುತ್ತದೆ, ನನಗಂತೂ ಹೊಳೆಯುತ್ತಿರಲಿಲ್ಲ.

ಜೊತೆಯ ಡ್ರೈವರುಗಳ ವಿಷಯ ಬರೆಯುವುದು ಕಷ್ಟ. ಮೊದಮೊದಲು ಯಾರೂ ಹತ್ತಿರ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಹಾರ್ನ್ ಹೊಡೆದು ಹೋಗುವರು, ಫೋನ್ ಮಾಡಿದರೆ ತೆಗೆಯುತ್ತಿರಲಿಲ್ಲ. ಅವರ ಮೇಲೆ ನನಗೆ ಕೋಪ ಇಲ್ಲ. ಮಕ್ಕಳ ಫೀಸು, ಸಾಲ, ಎಲ್ಲರಿಗೂ ಇರುತ್ತದೆ. ಆದರೆ ಹಿರಿಯ ಡ್ರೈವರ್ ಒಬ್ಬರು, ನಾವೆಲ್ಲ ಮಾವ ಅಂತ ಕರೆಯುತ್ತೇವೆ, ಒಂದು ಭಾನುವಾರ ಸಂಘದ ಆಫೀಸಿಗೆ ಬಂದು, ನಾನು ಪ್ರತಿದಿನ ಮೂರು ಶಿಫ್ಟ್ ಹೊಡೆಯುತ್ತಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ ಅಂತ ಬರೆದು ಸಹಿ ಹಾಕಿದರು. ‘ನನ್ನ ಸರ್ವೀಸು ಇನ್ನೆಷ್ಟು ಉಳಿದದೆ, ತೆಗೆದ್ರೆ ತೆಗೀಲಿ’ ಅಂದರು. ಅವರ ಹಿಂದೆ ಇನ್ನೂ ಕೆಲವರು ಬಂದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಸರ್ಕಾರಿ ಬಸ್ಸಿನವರಿಗೆ ಹಳೇ ಸಂಘಗಳಿವೆ. ಮೈಸೂರು ಸರ್ಕಾರದ ಸಾರಿಗೆ ಇಲಾಖೆಯ ಬಸ್ಸುಗಳು 1948ರಲ್ಲಿ ಶುರುವಾದವು, 1961ರಲ್ಲಿ ನಿಗಮ ಆಯಿತು. ಅಲ್ಲಿನ ನೌಕರರು ಬೇಡಿಕೆ ಇಟ್ಟರೆ ಪೇಪರಿನಲ್ಲಿ ಬರುತ್ತದೆ, ಮಂತ್ರಿಗಳು ಮಾತಾಡುತ್ತಾರೆ. ಖಾಸಗಿ ಡ್ರೈವರುಗಳ ಪರವಾಗಿ ಮಾತಾಡುವವರು ಯಾರು? 2024ರ ಜನವರಿಯಲ್ಲಿ ಹಿಟ್ ಅಂಡ್ ರನ್ ಕೇಸಿಗೆ 10 ವರ್ಷದ ತನಕ ಜೈಲು ಅನ್ನುವ ಹೊಸ ಕಾನೂನಿನ ವಿರುದ್ಧ ದೇಶದ ಎಷ್ಟೋ ಕಡೆ ಡ್ರೈವರುಗಳು ಗಾಡಿ ನಿಲ್ಲಿಸಿದರಲ್ಲ, ಆಗ ದೆಹಲಿಯಲ್ಲಿ ಗೃಹ ಕಾರ್ಯದರ್ಶಿಗಳ ಜೊತೆ ಮಾತಿಗೆ ಕೂತದ್ದು ಆಲ್ ಇಂಡಿಯಾ ಮೋಟಾರ್ ಟ್ರಾನ್ಸ್‌ಪೋರ್ಟ್ ಕಾಂಗ್ರೆಸ್. ಅದು ಗಾಡಿ ಮಾಲೀಕರ ಸಂಘಟನೆ. ಚರ್ಚೆ ಮಾಡಿ ಆಮೇಲಷ್ಟೇ ಜಾರಿ ಮಾಡುತ್ತೇವೆ ಅಂತ ಸರ್ಕಾರ ಹೇಳಿತು, ಅದು ನಮಗೂ ಒಳ್ಳೆಯದೇ ಆಯಿತು. ಆದರೆ ಜೈಲಿಗೆ ಹೋಗುವವನು ಡ್ರೈವರ್. ಅವನು 19 ಗಂಟೆ ಓಡಿಸಿದ್ದಕ್ಕೆ ಅಪಘಾತ ಆಯಿತಾ ಅಂತ ಕೇಳುವವರು ಮಾಲೀಕರ ಸಂಘಟನೆಯಲ್ಲಿ ಸಿಗುವುದು ಕಷ್ಟ. ಅದಕ್ಕೆ ನಮ್ಮದೇ ಸಂಘ ಬೇಕು ಅಂತ ನಾನು ಹೋದ ಕಡೆಯಲ್ಲೆಲ್ಲ ಹೇಳುತ್ತೇನೆ.

ರಾಜಿಯ ವಿಷಯಕ್ಕೆ ಬರುತ್ತೇನೆ. ಮಾಲೀಕರು ಮೊದಲು ಒಂದಿಷ್ಟು ದುಡ್ಡು ಕೊಡ್ತೀನಿ, ಬಿಟ್ಟು ಹೋಗಲಿ ಅಂದರು. ಮೊತ್ತ ಕೇಳಿ ನನ್ನ ಬಾಮೈದ, ‘ತಗೊಂಡು ಬಿಡಿ ಭಾವ, ಇವರ ಸವಾಸ ಸಾಕು’ ಅಂದ. ನನಗೆ ಕೆಲಸವೇ ಬೇಕಿತ್ತು. ಗ್ರಾಚ್ಯುಟಿ ಅಂದ್ರೆ ಐದು ವರ್ಷದ ಸೇವೆ ಆದವನಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಬರುವ ದುಡ್ಡು. ಸೇವೆ ಕಡಿದು ಹೋದರೆ ಅದು ಮತ್ತೆ ಸೊನ್ನೆಯಿಂದ. ಹಿಂದಿನ ಬಾಕಿ ಸಂಬಳ ಪೂರ್ತಿ ಬೇಕು ಅಂತ ಹಠ ಹಿಡಿದೆ. ಮಾಲೀಕರು ಅದಕ್ಕೆ ಒಪ್ಪಲಿಲ್ಲ. ಅವತ್ತು ಸಂಜೆ ಸಂಘದ ಆಫೀಸಿನಲ್ಲಿ ತುಂಬ ಹೊತ್ತು ಮಾತಾಯಿತು. ಕಾರ್ಯದರ್ಶಿ ಎರಡೂ ದಾರಿ ಮುಂದಿಟ್ಟರು. ಕೋರ್ಟಿಗೆ ಹೋದರೆ ಪೂರ್ತಿ ಗೆಲ್ಲಬಹುದು, ಆದರೆ ವರ್ಷಗಳು ಹಿಡಿಯುತ್ತವೆ, ಗೆದ್ದ ಮೇಲೆ ಅವರು ಹೈಕೋರ್ಟಿಗೆ ಹೋಗಬಹುದು. ಈಗ ಒಪ್ಪಿದರೆ ಬಾಕಿಯಲ್ಲಿ ಅರ್ಧ ಬಿಡಬೇಕಾಗುತ್ತದೆ, ಆದರೆ ಸೇವೆ ಕಡಿಯದೆ ಕೆಲಸ ಸಿಗುತ್ತದೆ. ‘ನಿನ್ನ ಹೊಟ್ಟೆ, ನಿನ್ನ ತೀರ್ಮಾನ. ನೀನು ಯಾವ ಕಡೆ ಹೋದ್ರೂ ಜೊತೆಗೆ ಬರ್ತೀವಿ’ ಅಂದರು. ಸಂಘದ ಒಬ್ಬ ಸದಸ್ಯರು, ಅರ್ಧ ಬಿಟ್ಟರೆ ಮಾಲೀಕರಿಗೆ ಇದೇ ಅಭ್ಯಾಸ ಆಗುತ್ತದೆ, ತೆಗೆಯುವುದು, ಅರ್ಧ ಕೊಟ್ಟು ಸೇರಿಸಿಕೊಳ್ಳುವುದು ಅಂತ ವಾದ ಮಾಡಿದರು. ಅವರ ಮಾತಲ್ಲೂ ನಿಜ ಇತ್ತು. ನಾನು ಮನೆಗೆ ಹೋಗಿ ಹೆಂಡತಿ ಜೊತೆ ಮಾತಾಡಿ, ಒಪ್ಪುತ್ತೇನೆ ಅಂತ ಹೇಳಿದೆ. ಆದರೆ ಒಂದು ಷರತ್ತು ಹಾಕಿದೆ. ಬಿಡುವ ದುಡ್ಡಿನ ಬದಲಿಗೆ ಎಲ್ಲ ಡ್ರೈವರುಗಳಿಗೂ ಆಗುವಂಥದ್ದು ಏನಾದರೂ ಒಪ್ಪಂದದಲ್ಲಿ ಸೇರಬೇಕು ಅಂತ.

ಸೇರಿತು. ಕಾರ್ಮಿಕ ಅಧಿಕಾರಿಗಳ ಮುಂದೆ ಸೆಕ್ಷನ್ 12(3) ಒಪ್ಪಂದ ಬರೆದು ಎಲ್ಲರೂ ಸಹಿ ಹಾಕಿದರು. ಸೇವೆಯ ಮುಂದುವರಿಕೆಯ ಜೊತೆ ನನಗೆ ಕೆಲಸ, ಬಾಕಿಯಲ್ಲಿ ಅರ್ಧ, ಕಟ್ಟದ ಪಿಎಫ್ ಪೂರ್ತಿ. ಒಂದೊಂದು ಮೂರು ಶಿಫ್ಟ್ ಬಸ್ಸಿಗೆ ಇಬ್ಬರು ಡ್ರೈವರುಗಳು. ವಾರಕ್ಕೆ ಒಂದು ರಜೆ. ಟ್ರಿಪ್ ಶೀಟಿನ ಕಾರ್ಬನ್ ಪ್ರತಿ ಡ್ರೈವರಿನ ಕೈಗೆ. ಯಾರ ಡಿಎಲ್ಲೂ ಆಫೀಸಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಸಂಧಾನಾಧಿಕಾರಿ ಮುಂದೆ ಆದ ಒಪ್ಪಂದ ಆ ಸಂಸ್ಥೆಯ ಎಲ್ಲ ಕೆಲಸಗಾರರಿಗೂ ಅನ್ವಯಿಸುತ್ತದೆ, ಆಮೇಲೆ ಸೇರುವವರಿಗೂ ಸೇರಿ. ಮುರಿದರೆ ಆಗಿನ ಕಾಯ್ದೆ ಪ್ರಕಾರ 6 ತಿಂಗಳ ತನಕ ಶಿಕ್ಷೆ ಆಗಬಹುದಿತ್ತು. ಬಾಯಿಮಾತಿನ ಭರವಸೆಗೂ ಇದಕ್ಕೂ ಇರುವ ವ್ಯತ್ಯಾಸ ಅದು.

ಎಲ್ಲವೂ ಸರಿಹೋಗಿದೆ ಅಂತ ಹೇಳುವುದಿಲ್ಲ. ಇಬ್ಬರು ಡ್ರೈವರುಗಳನ್ನು ಹಾಕಿದ್ದಾರೆ, ಟ್ರಿಪ್ ಶೀಟಿನ ಪ್ರತಿ ಕೊಡುತ್ತಾರೆ. ವಾರದ ರಜೆ ಮಾತ್ರ ಆಗಾಗ ತಪ್ಪುತ್ತದೆ, ಹಬ್ಬದ ಸಮಯದಲ್ಲಿ, ದಸರಾದಲ್ಲಿ ಜಾಸ್ತಿ. ತಪ್ಪಿದಾಗೆಲ್ಲ ತಾರೀಖು ಬರೆದು ಸಂಘಕ್ಕೆ ಕೊಡುತ್ತೇವೆ, ಅವರು ಪತ್ರ ಬರೆಯುತ್ತಾರೆ, ಒಂದೆರಡು ವಾರ ಸರಿ ಇರುತ್ತದೆ. ಸರ್ಕಾರದ ಕನಿಷ್ಠ ಕೂಲಿಯ ಮೇಲೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಏರುವ ತುಟ್ಟಿಭತ್ಯೆಯನ್ನೂ ಕೇಳುವುದಕ್ಕೆ ಶುರುಮಾಡಿದ್ದೇವೆ.

ಈ ನಡುವೆ ಕಾಯ್ದೆಗಳೇ ಬದಲಾಗಿವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಾನು ಮೇಲೆ ಹೇಳಿದ 1947ರ ಕಾಯ್ದೆ, 1961ರ ಕಾಯ್ದೆ, ಗ್ರಾಚ್ಯುಟಿ ಕಾಯ್ದೆ ಎಲ್ಲ ಅದರೊಳಗೆ ಸೇರಿಹೋಗಿವೆ. ಕೆಲಸದಿಂದ ತೆಗೆದವನು ಮುಂಚೆ ಮೂರು ವರ್ಷದೊಳಗೆ ಲೇಬರ್ ಕೋರ್ಟಿಗೆ ಹೋಗಬಹುದಿತ್ತು, ಈಗ ಎರಡೇ ವರ್ಷದೊಳಗೆ ವಿವಾದ ಎತ್ತಬೇಕು, ಬಗೆಹರಿಯದಿದ್ದರೆ ಹೋಗಬೇಕಾದ್ದು ಇಂಡಸ್ಟ್ರಿಯಲ್ ಟ್ರಿಬ್ಯೂನಲ್‌ಗೆ. ಆದ್ದರಿಂದ ನನ್ನ ಕಥೆಯ ಸೆಕ್ಷನ್ ನಂಬರುಗಳನ್ನು ಹಿಡಿದುಕೊಂಡು ಯಾರೂ ಅರ್ಜಿ ಬರೆಯಬೇಡಿ, ಯಾವುದಾದರೂ ಸಂಘದ ಆಫೀಸಿಗೆ ಹೋಗಿ ಈಗಿನದನ್ನು ಕೇಳಿ. ಡ್ಯೂಟಿ ಮತ್ತು ಡ್ಯೂಟಿ ಮಧ್ಯೆ 9 ಗಂಟೆ ಅನ್ನುವುದು ಹೊಸ ನಿಯಮಗಳಲ್ಲೂ ಕಡಿಮೆಯಾಗಬಾರದು ಅಂತ ನಮ್ಮ ಸಂಘ ಮನವಿ ಬರೆದಿದೆ. ಅದಕ್ಕೆ ಸಹಿ ಮಾಡಿಸುವ ಕೆಲಸ ನನಗೂ ಮಾವನಿಗೂ ಬಿದ್ದಿದೆ. ಮಧ್ಯಾಹ್ನದ ಬಿಡುವಿನಲ್ಲಿ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆ ಬಸ್ ನಿಲ್ಲಿಸಿಕೊಂಡಿರುವ ಡ್ರೈವರುಗಳ ಹತ್ತಿರ ಹೋಗುತ್ತಿದ್ದೇವೆ. ಕೆಲವರು ಓದಿ ಸಹಿ ಮಾಡುತ್ತಾರೆ. ಕೆಲವರು ಪೆನ್ನು ಹಿಡಿದುಕೊಂಡು, ‘ಮಾಲೀಕರಿಗೆ ಗೊತ್ತಾದ್ರೆ?’ ಅಂತ ಕೇಳುತ್ತಾರೆ. ಅವರಿಗೆ ನಮ್ಮ ಒಪ್ಪಂದದ ಜೆರಾಕ್ಸ್ ಕೊಟ್ಟು ಬರುತ್ತೇವೆ.